ಸೊಂಟದಷ್ಟು ನೀರಿನ ದಾರಿ

ಬರ್ ದುಬೈ ದಡದ ಮೆಟ್ಟಿಲುಗಳ ಮೇಲಿನ ದೀಪಗಳು ಇನ್ನೂ ಆರಿಲ್ಲ. ಬೆಳಗಿನ ನಮಾಜು ಮುಗಿಸಿ ಬಂದ ಮುಹಿಯುದ್ದೀನ್ ಚಪ್ಪಲಿಯನ್ನು ಹಲಗೆಯ ಅಡಿಗೆ ಸರಿಸಿ, ದೋಣಿಯ ನಡುವಿನ ಗುಂಡಿಗೆ ಇಳಿದು, ಎಂಜಿನ್ನಿನ ಮೇಲೊಮ್ಮೆ ಕೈಯಾಡಿಸುತ್ತಾರೆ, ಕೊಟ್ಟಿಗೆಯ ಹಸುವನ್ನು ಸವರಿದ ಹಾಗೆ. ಎರಡು ಸಲ ಕೆಮ್ಮಿ ಅದು ಹತ್ತಿಕೊಳ್ಳುತ್ತದೆ. ಆಮೇಲೆ ಅವರು ಮಾಡುವ ಮೊದಲ ಕೆಲಸ ಎಂದರೆ ಒಂದು ತಗಡಿನ ಲೋಟವನ್ನು ತೊಳೆದು, ಮೂಲೆಯ ನೀರಿನ ಕ್ಯಾನಿನ ಮೇಲೆ ಕವುಚಿಡುವುದು.

ಆ ಲೋಟ ದುಬೈಯದ್ದಲ್ಲ. ಕಡು ಹಸಿರು ಬಣ್ಣ, ಮೇಲೆ ಕೆಂಪು ಹಳದಿ ಗುಲಾಬಿಗಳು, ಒಂದು ಪುಟ್ಟ ಕೋಟೆ. ಹಿಡಿಯ ಹತ್ತಿರ ಬಣ್ಣ ಎದ್ದುಹೋಗಿದೆ. ಬೇಸಿಗೆಯಲ್ಲಿ ಬಾಯಾರಿದವರಿಗೆ, ಕೇಳಲು ಸಂಕೋಚಪಡುವವರಿಗೂ, ಮುಹಿಯುದ್ದೀನ್ ಅದರಲ್ಲೇ ನೀರು ಕೊಡುತ್ತಾರೆ. ನಾನು ಅವರನ್ನು ಮಾತಾಡಿಸಿದ್ದು ಆ ಲೋಟದ ನೆಪದಲ್ಲಿ.

“ಇದು ಇಂಗ್ಲೆಂಡಿಂದು ಅಮ್ಮ,” ಎಂದರು. “ನಾನು ಅಲ್ಲಿ ಒಂದು ಬೇಸಿಗೆ ಬೋಟ್ ಬಿಟ್ಟಿದ್ದೇನೆ, ಗೊತ್ತುಂಟಾ?”

ಪಕ್ಕದಲ್ಲಿ ಕುಳಿತಿದ್ದ ಜೆರಾಲ್ಡ್ ಎಂಬ ಯುವಕ ನಕ್ಕ. ಮಂಗಳೂರಿನವನು, ದೇರಾದ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ. ದಿನವೂ ಮೊದಲ ದೋಣಿಗೇ ಬರುತ್ತಾನೆ. “ಮೊಯ್ದಿನ್ ಕಾಕ, ಇವತ್ತು ಲಂಡನಿಗೆ ಹೋಗುದಾ ದೇರಾಕ್ಕೆ ಹೋಗುದಾ? ನನಗೆ ಏಳು ಗಂಟೆಗೆ ಡ್ಯೂಟಿ ಉಂಟು.”

“ನಿನ್ನಂಥವರನ್ನು ಲಂಡನಿನಲ್ಲಿ ಇಳಿಸ್ಲಿಕ್ಕೆ ಬಿಡುದಿಲ್ಲ. ಸುಮ್ನೆ ಕೂತ್ಕೊ.”

ಅವರ ದೋಣಿಗೆ ಇಲ್ಲಿ ಅಬ್ರಾ ಎನ್ನುತ್ತಾರೆ. ದುಬೈ ಪಟ್ಟಣವನ್ನು ಈಚೆ ಬರ್ ದುಬೈ, ಆಚೆ ದೇರಾ ಎಂದು ಎರಡು ಮಾಡಿ ಒಳನುಗ್ಗಿರುವ ಕಡಲ ತೋಡಿಗೆ, ಅಂದರೆ ಕ್ರೀಕಿಗೆ, ಈ ಮರದ ದೋಣಿಗಳೇ ಬಡವರ ಸೇತುವೆ. ನಡುವೆ ಉದ್ದಕ್ಕೂ ಒಂದು ಹಲಗೆ. ಇಪ್ಪತ್ತು ಜನ ಬೆನ್ನಿಗೆ ಬೆನ್ನು ಕೊಟ್ಟು, ನೀರಿನ ಕಡೆಗೆ ಮುಖ ಮಾಡಿ ಕೂರುತ್ತಾರೆ. ದೋಣಿ ತುಂಬುವವರೆಗೆ ಹೊರಡುವುದಿಲ್ಲ. ತುಂಬಿದರೆ ಒಂದು ಕ್ಷಣವೂ ನಿಲ್ಲುವುದಿಲ್ಲ. ನಡುನೀರಿಗೆ ಬಂದಾಗ ಎಂಟಾಣೆ ನಾಣ್ಯಗಳು ಕೈಯಿಂದ ಕೈಗೆ ದಾಟಿ ಗುಂಡಿಯಲ್ಲಿ ನಿಂತವನ ಅಂಗೈ ಸೇರುತ್ತವೆ. ಐವತ್ತು ಫಿಲ್ಸಿನ, ಅಂದರೆ ಅರ್ಧ ದಿರ್ಹಮಿನ, ನಾಣ್ಯವನ್ನು ನಮ್ಮ ಕಡೆಯವರು ಈಗಲೂ ಎಂಟಾಣೆ ಎಂದೇ ಕರೆಯುತ್ತಾರೆ.

ಬೆಳಗಿನಿಂದ ಮಧ್ಯಾಹ್ನದವರೆಗೆ ಎಷ್ಟು ಸಲ ದಾಟುತ್ತೀರಿ ಎಂದು ಕೇಳಿದೆ. ನಲವತ್ತು ಇರಬಹುದು, ಐವತ್ತೂ ಇರಬಹುದು, ಲೆಕ್ಕ ಇಟ್ಟಿಲ್ಲ ಎಂದರು. ಎಂಜಿನ್ನಿನ ಸದ್ದಿಗೆ ಎಡಗಿವಿ ಹೋಗಿದೆ. ಆದ್ದರಿಂದ ಅವರ ಗುರುತಿನವರೆಲ್ಲ ಬಲಕ್ಕೆ ಬಂದು ಕೂರುತ್ತಾರೆ. ಜುಲೈ ತಿಂಗಳಲ್ಲಿ ಆ ಗುಂಡಿಯೊಳಗೆ ಮೇಲಿನಿಂದ ಬಿಸಿಲು, ಕೆಳಗಿನಿಂದ ಎಂಜಿನ್ನಿನ ಕಾವು, ನಡುವೆ ಡೀಸೆಲ್ ಹೊಗೆ. “ಅಭ್ಯಾಸ ಆಗ್ತದೆ,” ಎನ್ನುತ್ತಾರೆ. ಮುಖ ಒರೆಸಿಕೊಂಡು, “ಪೂರ್ತಿ ಆಗುದಿಲ್ಲ,” ಎಂದು ಸೇರಿಸುತ್ತಾರೆ.

ಮುಹಿಯುದ್ದೀನ್ ಹುಟ್ಟಿದ್ದು ಉಳ್ಳಾಲದ ಹತ್ತಿರ, ನೇತ್ರಾವತಿಯ ತೀರದಲ್ಲಿ. ಮನೆಮಾತು ಬ್ಯಾರಿ. ತಂದೆ ಕಡವಿನ ದೋಣಿ ನಡೆಸುತ್ತಿದ್ದರು. ಆಚೆ ದಡದಲ್ಲಿ ಯಾರಾದರೂ ಬಂದು ಕೈ ಎತ್ತಿದರೆ, ಉಣ್ಣುತ್ತಿದ್ದವರು ಕೈ ತೊಳೆದು ಎದ್ದು ಹೋಗುತ್ತಿದ್ದರಂತೆ. “ಕೈ ಎತ್ತಿದವರನ್ನು ಬಿಟ್ಟು ಹೋಗ್ಬಾರ್ದು ಅಂತ ಬಾಪ ಹೇಳಿದ್ದು. ಅದೊಂದೇ ಹೇಳಿದ್ದು. ಬೇರೆ ಎಂತ ಆಸ್ತಿ ಕೊಡ್ಲಿಲ್ಲ.” ಎಪ್ಪತ್ತರ ದಶಕದ ಕೊನೆಗೆ ಬೊಂಬಾಯಿಯಿಂದ ಹಡಗು ಹತ್ತಿ ಇಲ್ಲಿಗೆ ಬಂದರು. ಒಬ್ಬ ಅರ್ಬಾಬ್, ಅಂದರೆ ಮಾಲೀಕ, ಅಬ್ರಾ ಕೊಟ್ಟ. ಅಂದಿನಿಂದ ಇದೇ ನೀರು.

ಈ ಡಿಸೆಂಬರಿನ ಕೊನೆಗೆ ಅವರು ಕೆಲಸ ಬಿಟ್ಟು ಊರಿಗೆ ಹೊರಡುತ್ತಾರೆ. ದೋಣಿ ಬೇರೆಯವರಿಗೆ ಹೋಗುತ್ತದೆ. ಅದರ ಬಗ್ಗೆ ಅವರಿಗೆ ದೊಡ್ಡ ಬೇಸರವಿಲ್ಲ. ಬೇಸರ ಇರುವುದು ಒಂದೇ ಮಾತಿಗೆ.

“ಇಷ್ಟು ವರ್ಷದಲ್ಲಿ ಯಾರ್ಯಾರನ್ನೋ ದಾಟಿಸಿದೆ ಅಮ್ಮ. ನನ್ನ ಹೆಂಡತಿಯನ್ನು ಒಂದು ಸಲ ದಾಟಿಸ್ಲಿಕ್ಕೆ ಆಗ್ಲಿಲ್ಲ.”

ಹೆಂಡತಿ ಸೌದಾ ಈಗ ವಿಸಿಟ್ ವೀಸಾದಲ್ಲಿ ಬಂದಿದ್ದಾರೆ. ಬರ್ ದುಬೈ ಕಡೆಯ ಸತ್ವಾದಲ್ಲಿರುವ ಮಗಳ ಮನೆಯಲ್ಲಿ ಇದ್ದಾರೆ. ಮದುವೆಯಾದ ಮರುವರ್ಷ ಸೌದಾರ ತಮ್ಮ ಮೀನಿಗೆ ಹೋದ ದೋಣಿ ಅಳಿವೆ ಬಾಗಿಲಲ್ಲಿ, ಹೊಳೆ ಕಡಲನ್ನು ಸೇರುವ ಕಡೆಯಲ್ಲಿ, ಮಗುಚಿ ಅವನು ಮುಳುಗಿಹೋದ. ಸೌದಾ ದಡದಲ್ಲೇ ನಿಂತು ನೋಡುತ್ತಿದ್ದರು. ಆಮೇಲೆ ಯಾವ ದೋಣಿಗೂ ಅವರು ಕಾಲಿಟ್ಟಿಲ್ಲ. ಗಂಡ ಅನ್ನ ದುಡಿಯುವ ದೋಣಿಗೂ ಇಲ್ಲ.

“ಒತ್ತಾಯ ಮಾಡ್ಲಿಲ್ವಾ?” ಎಂದೆ.

“ನೀರಿನ ವಿಷಯದಲ್ಲಿ ಒತ್ತಾಯ ಮಾಡ್ಲಿಕ್ಕೆ ಇಲ್ಲ,” ಎಂದರು. “ಇಂಗ್ಲೆಂಡಿನ ನೀರಾಗಿದ್ರೆ ಕೇಳ್ತಿದ್ದೆ.”

ಹೀಗೆ ಆ ಬೇಸಿಗೆಯ ಕಥೆ ಶುರುವಾಯಿತು. ದೋಣಿ ಈಚೆಯಿಂದ ಆಚೆಗೆ ಹೋಗುವಷ್ಟು ಹೊತ್ತಿನಲ್ಲಿ ಒಂದೊಂದು ತುಂಡು ಹೇಳುತ್ತಿದ್ದರು. ನಾನು ಕೇಳುವುದಕ್ಕೆಂದೇ ಮತ್ತೆ ಮತ್ತೆ ದಾಟುತ್ತಿದ್ದೆ.

ಮಿಸ್ಟರ್ ಪೆಂಡಲ್ ಎಂಬ ಹಡಗಿನ ಎಂಜಿನಿಯರ್ ವರ್ಷಗಟ್ಟಲೆ ಅವರ ದೋಣಿಯಲ್ಲೇ ಕೆಲಸಕ್ಕೆ ದಾಟುತ್ತಿದ್ದರು. ಪೈಪ್ ಸೇದುವ ಮನುಷ್ಯ, ಆದರೆ ರಂಜಾನ್ ತಿಂಗಳಲ್ಲಿ ದೋಣಿಯಲ್ಲಿ ಪೈಪ್ ತೆಗೆಯುತ್ತಿರಲಿಲ್ಲ. ನಿವೃತ್ತರಾಗಿ ಊರಿಗೆ ಹೋದ ಮೇಲೆ ಪಾರ್ಶ್ವವಾಯು ಬಡಿದು ಎಡಗೈ ನಿಂತುಹೋಯಿತು. ಅಷ್ಟರಲ್ಲಿ ಜೀವಮಾನದ ಉಳಿತಾಯದಲ್ಲಿ ಒಂದು ಕಾಲುವೆ ದೋಣಿ ಕೊಂಡಿದ್ದರು. ಒಂದು ಬೇಸಿಗೆಯಾದರೂ ಅದರಲ್ಲಿ ಆಕ್ಸ್‌ಫರ್ಡಿನವರೆಗೆ ಹೋಗಬೇಕೆಂಬ ಆಸೆ. ಹೆಂಡತಿ ಡೊರೀನ್ ಒಬ್ಬರಿಂದ ಆಗದು. 1997ರಲ್ಲಿ ಟಿಕೆಟ್ಟಿನ ಜೊತೆ ಮಾತು ಬಂತು: ಮುಹಿಯುದ್ದೀನ್ ಬಂದು ಚುಕ್ಕಾಣಿ ಹಿಡಿಯಲಿ. ಅರ್ಬಾಬ್ ನಕ್ಕು ರಜೆ ಕೊಟ್ಟ. ಜೂನ್ ತಿಂಗಳ ದುಬೈ ಬಿಸಿಲಿನಿಂದ ಯಾರಾದರೊಬ್ಬರು ತಪ್ಪಿಸಿಕೊಳ್ಳಲಿ ಎಂದನಂತೆ.

“ಬೋಟ್ ನೋಡಿದರೆ ರೈಲಿನ ಡಬ್ಬ,” ಎನ್ನುತ್ತಾರೆ ಮುಹಿಯುದ್ದೀನ್. “ಅಗಲ ನನ್ನ ಎರಡು ಕೈ ಚಾಚಿದಷ್ಟು, ಉದ್ದ ಮಾತ್ರ ಮುಗಿಯುದೇ ಇಲ್ಲ. ಒಳಗೆ ಅಡುಗೆಮನೆ, ಮಂಚ, ಕಿಟಕಿಗೆ ಪರದೆ. ನಾವು ಹಿಂದೆ ನಿಲ್ಲುದು. ಮುಂದಿನ ತುದಿ ಎಲ್ಲಿ ತಿರುಗ್ತದೆ ಅಂತ ನೋಡ್ಲಿಕ್ಕೆ ಕಣ್ಣು ಸಣ್ಣ ಮಾಡ್ಬೇಕು. ಸ್ಪೀಡ್ ಕೇಳ್ಬೇಡಿ. ಒಬ್ಬಳು ಮುದುಕಿ ನಾಯಿ ಹಿಡ್ಕೊಂಡು ನಮ್ಮನ್ನು ಹಿಂದೆ ಹಾಕಿ ಹೋದಳು.”

ಎರಡೂ ಕಡೆ ಹುಲ್ಲು, ಹಸು, ನೀರಿಗೆ ಬಾಗಿದ ಮರ. ಒಂದು ಬದಿಗೆ ಕಾಲುದಾರಿ. ಹಿಂದಿನ ಕಾಲದಲ್ಲಿ ದೋಣಿ ಎಳೆಯುವ ಕುದುರೆಗಳು ಅದರ ಮೇಲೆ ನಡೆಯುತ್ತಿದ್ದವಂತೆ. ಭೂಮಿ ತಗ್ಗಾದ ಕಡೆ ಕಲ್ಲಿನ ತೊಟ್ಟಿ. ದೋಣಿ ಒಳಹೊಕ್ಕು, ಹಿಂದಿನ ಬಾಗಿಲು ಮುಚ್ಚಿ, ನೀರು ಹೊರಬಿಟ್ಟರೆ ದೋಣಿ ಮೆಲ್ಲಗೆ ಕೆಳಗಿಳಿಯುತ್ತದೆ. ಆಮೇಲೆ ಮುಂದಿನ ಬಾಗಿಲು ತೆಗೆಯಬೇಕು. ಬಾಗಿಲು ಎಂದರೆ ಇಡೀ ಮರದ ದಿಮ್ಮಿಗಳು, ಬೆನ್ನು ಕೊಟ್ಟು ನೂಕಬೇಕು. “ದಾರಿಯಲ್ಲಿ ಹೋಗುವವರು ಬಂದು ಒಂದು ಕೈ ಹಾಕಿ ಹೋಗ್ತಾರೆ. ಹೆಸರು ಕೇಳುದಿಲ್ಲ, ಹೇಳುದೂ ಇಲ್ಲ.”

ಮೊದಲ ರಾತ್ರಿ ದೋಣಿಯ ಹಗ್ಗವನ್ನು ಧಾರಾಳವಾಗಿ ಸಡಿಲ ಬಿಟ್ಟು ಕಟ್ಟಿದರು. ಇಳಿತ ಬಂದರೆ ದೋಣಿ ಹಗ್ಗಕ್ಕೆ ನೇತಾಡಬಾರದಲ್ಲ. ಬೆಳಗ್ಗೆ ನೋಡಿದರೆ ದೋಣಿ ಕಾಲುವೆಗೆ ಅಡ್ಡ ಮಲಗಿತ್ತು. ಹಿಂದೆ ಮೂರು ದೋಣಿಯವರು ಚಹಾ ಕುಡಿಯುತ್ತಾ ಕಾಯುತ್ತಿದ್ದರು. ಅಲ್ಲಿ ಉಬ್ಬರವೂ ಇಲ್ಲ, ಇಳಿತವೂ ಇಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ದೊಡ್ಡ ತಪ್ಪು ನಡೆದದ್ದು ಅದೇ ಮಧ್ಯಾಹ್ನ. ಕಾಲುದಾರಿಯಲ್ಲಿ ನಿಂತ ಒಬ್ಬ ಮುದುಕ ಇವರನ್ನು ನೋಡಿ ಕೈ ಎತ್ತಿದ. ಮುಹಿಯುದ್ದೀನ್ ತಕ್ಷಣ ದೋಣಿಯನ್ನು ದಡಕ್ಕೆ ತಿರುಗಿಸಿದರು. ಅಂಚಿನಲ್ಲಿ ನೀರು ಕಡಿಮೆ. ಅಷ್ಟುದ್ದದ ದೋಣಿ ಕೆಸರಿನ ಮೇಲೆ ಹತ್ತಿ ಕುಳಿತುಬಿಟ್ಟಿತು. ಒಳಗಿದ್ದ ಡೊರೀನರ ಬಾಣಲೆ ನೆಲಕ್ಕೆ ಬಿತ್ತು.

“ಪೆಂಡಲ್ ಸಾಹೇಬರು ಓಡಿ ಬಂದು ಎಂತಾಯ್ತು ಅಂದ್ರು. ಪ್ಯಾಸೆಂಜರ್ ಸರ್ ಅಂದೆ.”

ಪೆಂಡಲ್ ನಕ್ಕು ನಕ್ಕು ಕೆಮ್ಮು ಹತ್ತಿ ಮೆಟ್ಟಿಲ ಮೇಲೆ ಕುಳಿತರಂತೆ. ಆ ಊರಲ್ಲಿ ದೋಣಿ ಕಂಡವರೆಲ್ಲ ಕೈ ಎತ್ತುತ್ತಾರೆ. ಅದು ಬರೀ ನಮಸ್ಕಾರ. ನಾಚಿಕೆಯಾಗಿ, ತಳ್ಳಿ ಬಿಡಿಸೋಣವೆಂದು ಮುಹಿಯುದ್ದೀನ್ ಅಂಗಿ ಕಳಚಿ ಕಾಲುವೆಗೆ ಹಾರಿದರು.

“ಈಜ್ಲಿಕ್ಕೆ ಅಂತ ಹಾರಿದ್ದು ಅಮ್ಮ. ನಿಂತುಬಿಟ್ಟೆ. ನೀರು ಇಲ್ಲಿಗೆ ಬಂತು.” ಸೊಂಟದ ಮೇಲೆ ಅಂಗೈ ಅಡ್ಡ ಇಟ್ಟು ತೋರಿಸುತ್ತಾರೆ. “ನಡುವಿಗೆ ಹೋಗಿ ನೋಡಿದೆ. ಅಲ್ಲಿಯೂ ಹೆಚ್ಚೇನಿಲ್ಲ. ಸತ್ಯ ಹೇಳ್ತೇನೆ, ಆ ನೀರಲ್ಲಿ ನಿಂತು ನನಗೆ ಸೌದಾಳ ನೆನಪಾದದ್ದು. ಈ ನೀರಿಗೆ ಅವಳು ಬರ್ತಿದ್ದಳು. ಬಿದ್ರೆ ಎದ್ದು ನಿಂತರಾಯ್ತು.”

ಆ ಸಂಜೆ ಹಳ್ಳಿಯೊಂದರ ಟೆಲಿಫೋನ್ ಡಬ್ಬದಿಂದ, ಉಳ್ಳಾಲದ ನೆರೆಮನೆಗೆ ಫೋನು ಮಾಡಿ ಹೆಂಡತಿಯನ್ನು ಕರೆಸಿದರು. ಇಲ್ಲಿ ನೀರು ಸೊಂಟದಷ್ಟೇ ಎಂದರು. ಸೌದಾ ಕೇಳಿದರಂತೆ: “ಹಾಗಾದ್ರೆ ನಡ್ಕೊಂಡೇ ಹೋಗಬಹುದಲ್ಲ, ಬೋಟ್ ಎಂತಕ್ಕೆ?”

ಕೈ ಎತ್ತಿದವರ ಕಡೆಗೆ ತಿರುಗುವ ಅವರ ಕೈ ಮಾತ್ರ ಸುಧಾರಿಸಲಿಲ್ಲ. ಮರುದಿನ ಚೀಲ ಹಿಡಿದ ಹೆಂಗಸೊಬ್ಬಳು ಕೈ ಬೀಸಿದಾಗ ಮತ್ತೆ ಚುಕ್ಕಾಣಿ ಅತ್ತ ಹೊರಳಿತು. ಈ ಸಲ ಮೆಲ್ಲಗೆ. ಆಕೆ ಗಾಬರಿಯಾದಳು, ಆಮೇಲೆ ಹತ್ತಿಯೇಬಿಟ್ಟಳು, ಮುಂದಿನ ಹಳ್ಳಿಯಲ್ಲಿ ಇಳಿಯುವಾಗ ಚೀಲದಿಂದ ಟೊಮೆಟೊ ಕೊಟ್ಟಳು. ಪೆಂಡಲ್, ಇನ್ನು ಹೀಗೇ ಇರಲಿ, ನಮಗೇನು ಅವಸರ ಎಂದರು. ಆ ಕಾಲುವೆಯಲ್ಲಿ ಆ ಬೇಸಿಗೆ ಶಾಲೆಯ ಮಕ್ಕಳು, ಅಂಚೆಯವನು, ಮೀನು ಹಿಡಿಯುವ ಅಣ್ಣತಮ್ಮಂದಿರು, ಹೀಗೆ ಯಾರ್ಯಾರೋ ಹತ್ತಿ ಇಳಿದರು. ಎರಡು ವಾರದ ದಾರಿ ತಿಂಗಳು ಹಿಡಿಯಿತು.

ಇಂಥ ಇನ್ನೊಂದೆರಡು ಸಂಗತಿಗಳನ್ನು ಅವರು ಹೇಳುವಾಗ ದನಿ ತಗ್ಗುತ್ತದೆ. ಕಾಲುವೆ ಹಾವಿನ ಹಾಗೆ ಸುತ್ತುತ್ತದೆ, ದಿಕ್ಕು ತಿಳಿಯುವುದಿಲ್ಲ. ನಮಾಜಿನ ಹೊತ್ತಿಗೆ ಪೆಂಡಲ್ ಹಡಗಿನ ಕಾಲದ ದಿಕ್ಸೂಚಿ ತಂದು, ಸರಿಯಿರುವ ಬಲಗೈಯಿಂದ ಮಕ್ಕಾದ ಕಡೆ ತೋರಿಸಿ, ಒಳಗೆ ಹೋಗುತ್ತಿದ್ದರು. ಡೊರೀನ್ ಹೊಸದೊಂದು ಪಾತ್ರೆ ಕೊಂಡು ಅದಕ್ಕೆ ಕೆಂಪು ದಾರ ಕಟ್ಟಿದ್ದರು, ಇವರ ಅಡುಗೆಗೆ ಅದೇ ಎಂದು. ಆಕ್ಸ್‌ಫರ್ಡ್ ತಲುಪಿದ ದಿನ ಪೆಂಡಲ್ ಏನು ಹೇಳಿದರು ಎಂದು ಕೇಳಿದೆ. “ಖಲಾಸ್ ಅಂದ್ರು. ಇಲ್ಲಿಂದ ಕಲ್ತದ್ದು. ಆಮೇಲೆ ನನ್ನ ಕೈ ಹಿಡ್ಕೊಂಡು ತುಂಬ ಹೊತ್ತು ಕೂತಿದ್ರು.” ಎರಡು ವರ್ಷದ ಹಿಂದೆ ಪೆಂಡಲ್ ತೀರಿಕೊಂಡಾಗ ಡೊರೀನ್ ಕಳಿಸಿದ್ದು ಈ ಗುಲಾಬಿ ಲೋಟ. ಕಾಲುವೆ ದೋಣಿಯಲ್ಲಿ ಪೆಂಡಲ್ ಚಹಾ ಕುಡಿಯುತ್ತಿದ್ದದ್ದು ಇದರಲ್ಲೇ.

ಸೌದಾರನ್ನು ನಾನು ನೋಡಿದ್ದು ದೇರಾ ದಡದ ಬೆಂಚಿನ ಮೇಲೆ. ಮುಹಿಯುದ್ದೀನರ ಪಾಳಿ ಮಧ್ಯಾಹ್ನ ಅಲ್ಲಿಯೇ ಮುಗಿಯುತ್ತದೆ. ಸತ್ವಾದಿಂದ ಸೌದಾ ಊಟದ ಡಬ್ಬಿ ಹಿಡಿದು, ದೋಣಿಯ ಬದಲು ಬಸ್ಸಿನಲ್ಲಿ ಸುತ್ತಿ ಬರುತ್ತಾರೆ. ಗಂಡ ಉಣ್ಣುವಾಗ ಮೀನಿನ ಮುಳ್ಳು ಬಿಡಿಸಿ ಕೊಡುತ್ತಾರೆ, ನೀರಿನ ಕಡೆಗೆ ಬೆನ್ನು ಹಾಕಿ.

ಸೌದಾ ಕೈ ತೊಳೆಯಲು ಹೋದಾಗ ಮುಹಿಯುದ್ದೀನ್ ನನ್ನ ಕಡೆ ಬಾಗಿದರು. “ಅಮ್ಮ, ಒಂದು ವಿಷಯ ಉಂಟು. ಬಸ್ಸು ಶಿಂದಗಾ ಸುರಂಗದಲ್ಲಿ ಬರುದಲ್ವಾ? ಆ ಸುರಂಗ ಇರುದು ಈ ಕ್ರೀಕಿನ ಅಡಿಯಲ್ಲಿ. ಮೇಲೆ ಇಷ್ಟೂ ನೀರು. ಅವಳಿಗೆ ಗೊತ್ತಿಲ್ಲ. ದಿನಾ ಬರ್ತಾಳೆ. ಹೇಳ್ಬೇಡಿ ಆಯ್ತಾ, ಬರುದೇ ನಿಲ್ಲಿಸಿಯಾಳು. ಮಗಳಿಗೂ ಹೇಳ್ಬಾರ್ದು ಅಂತ ಹೇಳಿದ್ದೇನೆ.”

ಹೇಳುವುದಿಲ್ಲ ಎಂದೆ.

ಮರುವಾರ ನಾನೂ ಸೌದಾರೂ ಅದೇ ಬಸ್ಸಿನಲ್ಲಿ ಒಟ್ಟಿಗೆ ಬಂದೆವು. ಸುರಂಗದ ಬಾಯಿ ಕಂಡೊಡನೆ ಅವರು ಡಬ್ಬಿಯನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು. ಕತ್ತಲಿಗೆ ಹೆದರುತ್ತಾರೆಂದು ಕೈ ಹಿಡಿದೆ. ಬೆಳಕಿಗೆ ಬಂದ ಮೇಲೆ ಕಣ್ಣು ಬಿಟ್ಟು, ಬೆವರೊರೆಸಿ, ನಕ್ಕರು.

“ಮೇಲೆ ನೀರು ಉಂಟಲ್ಲ ಅಕ್ಕ.”

“ನಿಮಗೆ ಗೊತ್ತಾ?”

“ಮೊದಲನೇ ದಿನವೇ ಬಸ್ಸಿನಲ್ಲಿ ಒಬ್ಬಳು ಕಾಸರಗೋಡಿನವಳು ಹೇಳಿದಳು. ಇವರ ಹತ್ತಿರ ಹೇಳ್ಬೇಡಿ. ನನ್ನನ್ನು ಹೆದರಿಸದೆ ದಾಟಿಸಿದೆ ಅಂತ ಖುಷಿಯಲ್ಲಿದ್ದಾರೆ, ಪಾಪ.”

ಹೇಳುವುದಿಲ್ಲ ಎಂದೆ. ಹೀಗೆ ಒಂದೇ ಗುಟ್ಟನ್ನು ಎರಡೂ ಕಡೆಯಿಂದ ಕಾಯುವ ಕೆಲಸ ನನಗೆ ಬಿತ್ತು. ದೋಣಿಗೆ ಒಮ್ಮೆ ಹತ್ತಬಾರದೇ ಎಂದು ಕೇಳಬೇಕೆನಿಸಿತು. ಅವರೇ ಹೇಳಿದರು: “ಆಸೆ ಉಂಟು ಅವರಿಗೆ. ನನಗೆ ಗೊತ್ತಾಗುದಿಲ್ವಾ? ಮೆಟ್ಟಿಲವರೆಗೆ ಎರಡು ಸಲ ಹೋದೆ. ಹಲಗೆ ಅಲುಗುದು ನೋಡಿದರೆ ತಮ್ಮನೇ ಕಣ್ಣಿಗೆ ಬರ್ತಾನೆ.”

ಮುಹಿಯುದ್ದೀನರ ಕೊನೆಯ ದಿನ ಡಿಸೆಂಬರಿನ ಒಂದು ತಣ್ಣನೆಯ ಬೆಳಗು. ಅಳಿಯ ಅಲ್ ಕೂಜ್‌ನ ಗೋದಾಮಿಗೆ ಕೆಲಸಕ್ಕೆ ಹೋಗುವ ಮೊದಲು ಸೌದಾರನ್ನು ಬರ್ ದುಬೈ ದಡದಲ್ಲಿ ಇಳಿಸಿ ಹೋಗಿದ್ದಾನೆ. ಅವರು ಮೇಲಿನ ಮೆಟ್ಟಿಲಲ್ಲೇ ನಿಂತಿದ್ದಾರೆ. ಮೊದಲ ದೋಣಿ ತುಂಬಿದೆ. ನಾನು ಬಲಗಡೆ, ಜೆರಾಲ್ಡ್ ನನ್ನ ಪಕ್ಕ. ಎಂಜಿನ್ ಹತ್ತಿ ದೋಣಿ ದಡ ಬಿಡುತ್ತದೆ. ನಾಲ್ಕು ಮಾರು ಹೋಗಿರಬಹುದು. ಸೌದಾ ಕೈ ಎತ್ತುತ್ತಾರೆ.

ಮುಹಿಯುದ್ದೀನ್ ದೋಣಿಯನ್ನು ಹಿಂದಕ್ಕೆ ತಿರುಗಿಸುತ್ತಾರೆ.

ಕೆಲಸಕ್ಕೆ ಹೊರಟ ಜನ ಗೊಣಗುತ್ತಾರೆ. ಯಾರೋ “ಯಲ್ಲಾ, ಯಲ್ಲಾ” ಎಂದು ಅವಸರ ಮಾಡುತ್ತಾರೆ. ದೋಣಿಯ ಮೂಗು ದಡದ ಟೈರಿಗೆ ಮೆತ್ತಗೆ ತಾಗಿ ನಿಲ್ಲುತ್ತದೆ. ಸೌದಾ ಕೆಳಗಿನ ಮೆಟ್ಟಿಲಿಗೆ ಬಂದಿದ್ದಾರೆ.

“ನಾನು ಹೋಗಿ ಬನ್ನಿ ಅಂತ ಕೈ ಎತ್ತಿದ್ದು,” ಎನ್ನುತ್ತಾರೆ.

ಮುಹಿಯುದ್ದೀನ್ ದೋಣಿಯನ್ನು ದಡಕ್ಕೆ ಒತ್ತಿ ಹಿಡಿದಿದ್ದಾರೆ. ಜೆರಾಲ್ಡ್ ಎದ್ದು ದಡಕ್ಕೆ ಜಿಗಿಯುತ್ತಾನೆ. “ಕೂತ್ಕೊಳ್ಳಿ ಮಾಮಿ, ಜಾಗ ಉಂಟು. ನಾನು ಆಮೇಲೆ ಬರ್ತೇನೆ.” ಏಳು ಗಂಟೆಯ ಡ್ಯೂಟಿ ಅವನಿಗೆ.

ಸೌದಾ ದೋಣಿಯನ್ನು ನೋಡುತ್ತಾರೆ. ನೀರನ್ನು ನೋಡುತ್ತಾರೆ. ನಾನು ಕೈ ಚಾಚುತ್ತೇನೆ. “ಬೋಟ್ ಬಂತಲ್ಲ, ಇನ್ನೆಂತ ಮಾಡುದು,” ಎಂದು ತಮ್ಮಷ್ಟಕ್ಕೇ ಹೇಳಿಕೊಂಡು, ಕಣ್ಣು ಮುಚ್ಚಿ ಕಾಲಿಡುತ್ತಾರೆ. ಜೆರಾಲ್ಡ್ ಕುಳಿತ ಜಾಗದಲ್ಲಿ ಕೂರುತ್ತಾರೆ. ಅವರ ಉಗುರು ನನ್ನ ಮಣಿಕಟ್ಟಿಗೆ ನೆಟ್ಟಿದೆ.

ಆ ದಿನ ದೋಣಿ ಹೋದ ಹಾಗೆ ನಾನು ಯಾವತ್ತೂ ಕಂಡಿಲ್ಲ. ಎದುರಿನಿಂದ ದೊಡ್ಡ ದೋಣಿಯೊಂದು ಬಂದಾಗ ಮುಹಿಯುದ್ದೀನ್ ವೇಗ ಇಳಿಸಿ, ಅದರ ಅಲೆಗೆ ಮೂಗು ಕೊಟ್ಟು, ತೊಟ್ಟಿಲಿನಷ್ಟೂ ಅಲುಗದಂತೆ ದಾಟಿಸುತ್ತಾರೆ. ನಡುನೀರಿನಲ್ಲಿ ನಾಣ್ಯಗಳು ಕೈ ಬದಲಿಸುವಾಗ ಸೌದಾ ಕಣ್ಣು ಬಿಡುತ್ತಾರೆ.

“ಇಲ್ಲಿ ಆಳ ಎಷ್ಟು?”

“ಹೆಚ್ಚಿಲ್ಲ,” ಎನ್ನುತ್ತಾರೆ ಮುಹಿಯುದ್ದೀನ್. “ಸೊಂಟದಷ್ಟು.”

“ಹೌದಾ. ಹಾಗಾದ್ರೆ ಆ ಸುರಂಗವನ್ನು ಎಲ್ಲಿ ಹೂತಿಟ್ಟಿದ್ದಾರೆ?”

ಮುಹಿಯುದ್ದೀನ್ ನನ್ನನ್ನು ನೋಡುತ್ತಾರೆ. ನಾನು ಅಲ್ಲವೆಂದು ತಲೆಯಾಡಿಸುತ್ತೇನೆ. ಅವರು ಹೆಂಡತಿಯನ್ನು ನೋಡುತ್ತಾರೆ, ಆಮೇಲೆ ದೇರಾದ ಕಡೆಗೆ. ಅವರ ಭುಜ ಕುಲುಕುವುದು ಕಾಣಿಸುತ್ತದೆ, ನಗುತ್ತಿದ್ದಾರೆ. ಗುಲಾಬಿ ಲೋಟದಲ್ಲಿ ನೀರು ತುಂಬಿ ಸೌದಾರ ಕೈಗೆ ದಾಟಿಸುತ್ತಾರೆ. ಅವರು ಇಡೀ ಲೋಟ ಕುಡಿಯುತ್ತಾರೆ.

ದೇರಾ ಬಂತು. ಎಲ್ಲರೂ ಇಳಿದೆವು, ಸೌದಾ ಮಾತ್ರ ಕುಳಿತೇ ಇದ್ದರು.

“ಇಳಿಯುದಿಲ್ವಾ?” ಎಂದರು ಗಂಡ.

“ಆ ಹುಡುಗ ಅಲ್ಲಿ ನಿಂತಿದ್ದಾನಲ್ಲ,” ಎಂದರು ಸೌದಾ, ಆಚೆ ದಡ ತೋರಿಸಿ. ಅಲ್ಲಿ ಎರಡನೆಯ ದೋಣಿ ಇನ್ನೂ ಅರ್ಧ ತುಂಬಿರಲಿಲ್ಲ. “ಅವನಿಗೆ ಹೊತ್ತಾಗ್ತದೆ. ಹೋಗಿ ಕರ್ಕೊಂಡು ಬರುವಾ.”

ಮುಹಿಯುದ್ದೀನ್ ದೋಣಿ ತಿರುಗಿಸಿದರು. ದೋಣಿ ತುಂಬದೆ ಯಾರೂ ದಡ ಬಿಡದ ಈ ಕಟ್ಟೆಯಲ್ಲಿ ಅದು ಎಲ್ಲರ ಕಣ್ಣಿಗೂ ಬಿತ್ತು. ಸರದಿ ನೋಡಿಕೊಳ್ಳುವವನು ಮೇಲಿನಿಂದ ಹಿಂದಿಯಲ್ಲಿ ಕೂಗಿ ಕೇಳಿದ, ಖಾಲಿ ದೋಣಿ ಬಿಡ್ತಿದ್ದೀಯಾ ಎಂದು.

“ಖಾಲಿ ಅಲ್ಲ,” ಎಂದರು ಮುಹಿಯುದ್ದೀನ್.